ಹರಿಯುವ ನೀರಿಗೆ ಹೊರಟವನು

ಕೆಂಪರಾಜ್ ಮಾಡಿದ ತಪ್ಪು ಒಂದೇ. ಶನಿವಾರ ಬೆಳಗ್ಗೆ ತನ್ನ ಪ್ಲಾನನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಒಂದು ಹಾಳೆ, ಅಷ್ಟೆ. ಕಾವೇರಿಯಲ್ಲಿ ದೋಣಿಯಿಂದ ಎಲ್ಲಿ ಧುಮುಕಬೇಕು, ಹೊಳೆಯ ಸೆಳವು ಎಷ್ಟು ದೂರ ಒಯ್ಯುತ್ತದೆ, ಬೆನ್ನಿನ ಸಿಲಿಂಡರಿನ ಗಾಳಿ ಎಷ್ಟು ಹೊತ್ತು ಬರುತ್ತದೆ, ಎಲ್ಲಿ ಮೇಲೇಳಬೇಕು, ಎಲ್ಲವನ್ನೂ ಮೂರು ಬಣ್ಣದ ಪೆನ್ನಿನಲ್ಲಿ ಬರೆದಿದ್ದ. ಡ್ರಿಫ್ಟ್ ಡೈವ್ ಎಂದು ಅದರ ಹೆಸರು. ಹಲಸೂರಿನ ವಿಮಾ ಕಚೇರಿಯ ಈ ಗುಮಾಸ್ತ ಎರಡು ವರ್ಷ ಈಜುಕೊಳದಲ್ಲಿ ಕ್ಲೋರಿನ್ ನೀರು ಕುಡಿದು ಇದಕ್ಕೆ ಸರ್ಟಿಫಿಕೇಟ್ ಸಂಪಾದಿಸಿದ್ದ. ಸಾಹಸದ ಹುಚ್ಚಿನಿಂದಲ್ಲ. ಮೂವತ್ತೆಂಟು ವರ್ಷದಲ್ಲಿ ಒಬ್ಬರಿಗೂ ‘ಆಗಲ್ಲ’ ಎಂದು ಹೇಳಲು ಬಾರದ ಪ್ರಾಣಿ ಅವನು. ನೀರಿನೊಳಗೆ ಯಾರೂ ಮಾತಾಡಲಾರರು ಎಂಬುದೇ ಅವನ ಆಸೆಗೆ ಕಾರಣ. ನಲವತ್ತು ನಿಮಿಷ ಯಾರೂ ‘ಕೆಂಪಾ, ಒಂಚೂರು...’ ಎನ್ನುವುದಿಲ್ಲ! ಸಂಜೆ ಆರಕ್ಕೆ ವ್ಯಾನು, ಭಾನುವಾರ ಬೆಳಗ್ಗೆ ಡೈವ್. ಇದು ತಪ್ಪಿದರೆ ಮಳೆಗಾಲ ಮುಗಿಯುವವರೆಗೆ ಯಾರೂ ಹೊಳೆಗೆ ಇಳಿಸುವುದಿಲ್ಲ.

ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದ ಎದುರುಮನೆ ಧನಲಕ್ಷ್ಮಿ ಹಾಳೆಯನ್ನು ಪೂರ್ತಿ ಓದಿದರು.

“ಏನ್ ಕೆಂಪರಾಜು, ಹೊಳೇಲಿ ಈಜಕ್ಕೆ ಹೊರಟಿದೀಯಾ?”

“ಈಜೋದಲ್ಲ ಅಕ್ಕ. ಸುಮ್ನೆ ಇರೋದು. ನೀರೇ ಕರ್ಕೊಂಡ್ ಹೋಗುತ್ತೆ.”

“ಅದನ್ನ ಕೊಚ್ಕೊಂಡ್ ಹೋಗೋದು ಅಂತಾರೆ,” ಎಂದು ತಾಯಿ ಬೈರಮ್ಮ ಒಲೆಯ ಕಡೆಯಿಂದ ತಿದ್ದಿದರು.

ಧನಲಕ್ಷ್ಮಿ ಮಜ್ಜಿಗೆ ಮರೆತು ಮನೆಗೆ ಓಡಿದರು. ಬಂದಾಗ ಕೈಯಲ್ಲಿ ಗಾಜು ಒಡೆದ ಲಕ್ಷ್ಮಿಯ ಫೋಟೋ ಇತ್ತು.

“ಒಡೆದಿದ್ದನ್ನ ಮನೇಲಿ ಇಡ್ಬಾರ್ದು, ಕಸಕ್ಕೆ ಹಾಕಕ್ಕೆ ಮನಸ್ ಬರಲ್ಲ. ಹರಿಯೋ ನೀರಿಗೇ ಬಿಡ್ಬೇಕು. ನಮ್ ಬೆಂಗಳೂರಲ್ಲಿ ಹರಿಯೋದು ಅಂದ್ರೆ ಮೋರಿ ಒಂದೇ. ಮೂರು ವರ್ಷದಿಂದ ಅಟ್ಟದ ಮೇಲಿಟ್ಟಿದೀನಿ. ಹೆಂಗೂ ಹೋಗ್ತಿದೀಯಲ್ಲ, ಒಂಚೂರು...”

ಆಗಲ್ಲ ಎಂಬ ಮಾತು ಕೆಂಪರಾಜನ ಗಂಟಲವರೆಗೆ ಬಂದು, ಬಾಯಿಂದ ಹೊರಬೀಳುವಾಗ “ಕೊಡಿ ಅಕ್ಕ” ಎಂದಾಗಿತ್ತು.

ಅಲ್ಲಿಗೆ ಬೀದಿಗೆ ಬೀದಿಯೇ ಅಟ್ಟ ಹತ್ತಿತು. ಸೊಂಡಿಲು ಮುರಿದ ಗಣೇಶ, ಬಣ್ಣ ಹೋದ ವೆಂಕಟರಮಣ, ಒಣಗಿದ ಹಾರ, ಹಳೇ ಪಂಚಾಂಗ, ದೇವರ ಚಿತ್ರವಿದ್ದ ಹದಿನೇಳು ವರ್ಷದ ಕ್ಯಾಲೆಂಡರುಗಳು, ಎಲ್ಲವೂ ಚೀಲಗಳಲ್ಲಿ ಇಳಿದು ಬಂದವು. ಸಿ.ವಿ. ರಾಮನ್ ನಗರದಲ್ಲಿದ್ದ ಸೀತಮ್ಮ ಎಂಬ ಸಹೋದ್ಯೋಗಿಗೆ ಅದು ಹೇಗೆ ಸುದ್ದಿ ಮುಟ್ಟಿತೋ, ಎರಡು ಚೀಲವನ್ನು ಆಟೋದಲ್ಲಿ ಕೂರಿಸಿ ಕಳಿಸಿದ್ದರು.

ಬೀದಿಯ ಹಿರಿಯ ರಾಮಾಂಜಿನಪ್ಪನವರು ಆರು ಫೋಟೋ ತಂದು, ಅದರ ತರ್ಕವನ್ನೂ ವಿವರಿಸಿದರು. “ದಡದಲ್ಲಿ ಬಿಟ್ರೆ ವಾಪಸ್ ತೇಲ್ಕೊಂಡ್ ಬರುತ್ತೆ ಕಣಪ್ಪ. ನೀನಾದ್ರೆ ತಳಕ್ಕೇ ಹೋಗಿ ಇಟ್ ಬರ್ತೀಯ.”

“ದೊಡ್ಡಪ್ಪ, ಕೆಳಕ್ಕಿಳಿಯಕ್ಕೆ ಅಂತ ನನ್ನ ಸೊಂಟಕ್ಕೆ ಆಗ್ಲೇ ಆರು ಕೆಜಿ ಸೀಸ ಕಟ್ಕೋಬೇಕು. ಇದನ್ನೂ ಹೊತ್ಕೊಂಡು ಇಳಿದ್ರೆ ನಾನು ಮತ್ತೆ ಮೇಲಕ್ಕೆ ಬರಲ್ಲ!”

“ಅಷ್ಟು ಜನ ದೇವ್ರು ಜೊತೇಲಿದ್ರೂ ಮುಳುಗ್ತೀಯೇನೋ?”

ಕೆಂಪರಾಜ್ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ಡೈವಿಂಗ್ ಮಾಸ್ಕ್ ಧರಿಸಿ, ತುಂಬಿದ ಬಕೆಟ್ಟಿನಲ್ಲಿ ತಲೆ ಮುಳುಗಿಸಿದ. ಆಹಾ, ಏನು ಮೌನ! ಎಂಟು ಸೆಕೆಂಡು ಅವನು ಪರಮ ಸುಖಿಯಾಗಿದ್ದ. ಒಂಬತ್ತನೆಯದರಲ್ಲಿ ಬೈರಮ್ಮ ಬಾಗಿಲು ದಬದಬ ಬಡಿದರು.

“ಕೆಂಪಾ, ಇನ್ನೊಬ್ರು ಬಂದವ್ರೆ!”

ಮಧ್ಯಾಹ್ನದ ಹೊತ್ತಿಗೆ ಹಜಾರದಲ್ಲಿ ಹದಿಮೂರು ಚೀಲ ಸೇರಿದವು. ಡೈವಿಂಗ್ ಬ್ಯಾಗು ಎಲ್ಲೋ ಅಡಿಯಲ್ಲಿ ಸಿಕ್ಕಿಕೊಂಡಿತ್ತು. ಕೆಂಪರಾಜನಿಗೆ ಅಳುವೇ ಬಂತು. ಆದರೂ ಒಂದು ಭರವಸೆ ಉಳಿದಿತ್ತು, ಅಕ್ತರ್. ಶಿವಾಜಿನಗರದ ಈ ಡೈವಿಂಗ್ ಮಾಸ್ತರು ಮಹಾ ಖಡಕ್ಕು. ಈಜುಕೊಳದ ಬಳಿ ಚಾಕಲೇಟಿನ ಕಾಗದ ಬೀಳಿಸಿದ್ದಕ್ಕೆ ಒಬ್ಬನನ್ನು ಕ್ಲಾಸಿನಿಂದಲೇ ಓಡಿಸಿದ್ದ. ತನ್ನ ಬಾಯಿಗೆ ಬಾರದ ‘ಆಗಲ್ಲ’ವನ್ನು ಅವನಾದರೂ ಹೇಳುತ್ತಾನೆ.

ಆರಕ್ಕೆ ವ್ಯಾನು ಬಂತು. ಅಕ್ತರ್ ಇಳಿದು ಚೀಲಗಳನ್ನು ನೋಡಿದ. ಬೀದಿಯವರು ಸಾಲಾಗಿ ನಿಂತು ವಿಷಯ ತಿಳಿಸಿದರು.

“ಆಗಲ್ಲ!” ಎಂದು ಗುಡುಗಿದ ಅಕ್ತರ್. “ಹೊಳೆಗೆ ಒಂದು ಎಲೆ ಹಾಕಿದ್ರೂ ನಮ್ ಪರ್ಮಿಟ್ ಹೋಗುತ್ತೆ. ಒಂದು ಚೀಲಾನೂ ವ್ಯಾನ್ ಹತ್ತಂಗಿಲ್ಲ.”

ಕೆಂಪರಾಜನಿಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. “ಕೇಳಿದ್ರಲ್ಲಾ? ದಯವಿಟ್ಟು ನಿಮ್ ನಿಮ್ದು ತಗೊಂಡ್ಹೋಗಿ.”

ಯಾರೂ ಮುಂದೆ ಬರಲಿಲ್ಲ.

“ಹೊಸಿಲು ದಾಟಿ ಹೊರಟ ದೇವ್ರನ್ನ ಮತ್ತೆ ಒಳಕ್ಕೆ ಕರ್ಕೊಳ್ಳಂಗಿಲ್ಲ ಕಣೋ,” ಎಂದರು ಬೈರಮ್ಮ.

“ಸರಿ, ನಮ್ಮನೇಲೇ ಇರ್ಲಿ ಬಿಡವ್ವ. ನಾಳೆ ಬಂದ್ಮೇಲೆ ನೋಡ್ಕೊಳ್ಳೋಣ.”

“ಇರ್ಲಿ. ಆದ್ರೆ ಕೈಯೊಡ್ಡಿ ಇಸ್ಕೊಂಡೋನು ನೀನು. ಎರಡು ಹೊತ್ತೂ ನೀನೇ ದೀಪ ಹಚ್ಬೇಕು. ಅವೆಲ್ಲ ನೀರು ಸೇರೋಗಂಟ ನೀನು ಊರು ಬಿಡಂಗಿಲ್ಲ.”

“ಊರು ಬಿಡದೆ ಹೊಳೆಗೆ ಹೆಂಗವ್ವ ತಗೊಂಡ್ಹೋಗ್ಲಿ?”

“ಚಿಂತೆ ಮಾಡ್ಬೇಡ,” ಎಂದು ರಾಮಾಂಜಿನಪ್ಪನವರು ಬೆನ್ನು ತಟ್ಟಿದರು. “ಹೊಳೆಗೆ ಹೋಗೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ.”

ಕೆಂಪರಾಜನ ಕಣ್ಣಲ್ಲಿ ನೀರು ತುಂಬಿತು. “ಅಕ್ತರ್, ನೀನಾದ್ರೂ ಹೇಳು ಗುರು...”

ಅಕ್ತರ್ ಅತ್ತಿತ್ತ ನೋಡಿ, ಅವನನ್ನು ವ್ಯಾನಿನ ಹಿಂದಕ್ಕೆ ಕರೆದೊಯ್ದ. ಸೀಟಿನ ಮೇಲಿನ ಗೂಡಿನಿಂದ ಹಸಿರು ಬಟ್ಟೆಯ ದೊಡ್ಡ ಗಂಟೊಂದನ್ನು ಜೋಪಾನವಾಗಿ ಇಳಿಸಿದ. ಅವನ ದನಿ ಪೂರಾ ತಗ್ಗಿತ್ತು.

“ನಮ್ ಅಮ್ಮಿ ಉಮ್ಮೆ ಕುಲ್ಸುಂ ಅವ್ರದು. ಪಾಕ್ ಕಿತಾಬಿನ, ಅಂದ್ರೆ ನಮ್ ಪವಿತ್ರ ಗ್ರಂಥದ, ಹರಿದೋದ ಹಾಳೆಗಳು. ಕಸಕ್ಕೆ ಹಾಕಂಗಿಲ್ಲ, ಹರಿಯೋ ನೀರಿಗೇ ಬಿಟ್ ಬಾ ಅಂತಾರೆ. ಪರ್ಮಿಟ್ ಹೋಗುತ್ತೆ ಅಂತ ಬಿಟ್ಟಿಲ್ಲ. ಬಿಟ್ಟೆ ಅಂತ ನಾಲ್ಕು ತಿಂಗಳಿಂದ ಸುಳ್ಳು ಹೇಳ್ತಿದೀನಿ. ನೀನು ಹೆಂಗೂ ಊರಲ್ಲೇ ಇರ್ತೀಯಲ್ಲ ಮಗಾ, ಒಂಚೂರು... ನೆಲಕ್ಕೆ ಮಾತ್ರ ಇಡ್ಬೇಡ.”

“ಕೊಡು,” ಎಂದಿತು ಕೆಂಪರಾಜನ ಬಾಯಿ.

ವ್ಯಾನು ಹೊರಟಿತು. ಕಿಟಕಿಗಳಿಂದ ಡೈವಿಂಗ್ ಗೆಳೆಯರೆಲ್ಲ ಕೈ ಬೀಸಿದರು. ಎರಡೂ ಕೈಯಲ್ಲಿ ಗಂಟು ಎತ್ತಿ ಹಿಡಿದು ನಿಂತಿದ್ದ ಕೆಂಪರಾಜನಿಗೆ ತಿರುಗಿ ಕೈ ಬೀಸಲೂ ಆಗಲಿಲ್ಲ.

“ಕೆಂಪಾ, ಹೊತ್ತು ಮುಳುಗ್ತಾ ಬಂತು,” ಎಂದು ಒಳಗಿನಿಂದ ಬೈರಮ್ಮ ಕೂಗಿದರು. “ಬಂದು ಒಂಚೂರು ಬತ್ತಿ ಹೊಸಿ.”