ಇವರ ಟ್ಯಾಂಕು, ನನ್ನ ಎದೆಬಡಿತ

"ಅಕ್ಕಾ, ಸಿಗರೇಟು ಸೇದೋ ಗಂಡನ ಜೊತೆ ಬಾಳಬಹುದು. ಸಿಗರೇಟು ಬಿಡ್ತಿರೋ ಗಂಡನ ಜೊತೆ ಬಾಳೋದಿದೆಯಲ್ಲ, ಅದು ಬೇರೆಯೇ ವ್ರತ" ಅಂತ ನನಗೆ ಮೊಟ್ಟಮೊದಲು ಹೇಳಿದವಳು ಮೆಲ್ಬರ್ನ್‌ನ ವಿಂಡಮ್ ವೇಲ್‌ನಲ್ಲಿರುವ ನನ್ನ ತಮ್ಮನ ಹೆಂಡತಿ ಸವಿತಾ. ನನ್ನ ತಮ್ಮ ಸಿಗರೇಟು ಬಿಟ್ಟು ಎರಡು ವರ್ಷವಾಗಿತ್ತು, ಅವಳಿಗೆ ಅನುಭವವಿತ್ತು. ನಾನು ನಕ್ಕೆ. ನಗಬಾರದಿತ್ತು. ಅಲ್ಲಿಂದಾಚೆಗೆ ನಮ್ಮ ಮನೆಯಲ್ಲಿ ಈ ವ್ರತದ ಹೆಸರಲ್ಲಿ ಒಂದು ರಾದ್ಧಾಂತ ನಡೆಯದೆ ಒಂದು ತಿಂಗಳೂ ಕಳೆದಿಲ್ಲ.

ನಮ್ಮ ಮನೆಯವರು ಇಪ್ಪತ್ತೆರಡು ವರ್ಷ ಸೇದಿದವರು. ಒಂದು ದಿನ ಬೆಳಿಗ್ಗೆ ಆಫೀಸಿಗೆ ಹೋಗುವಾಗ ನಾರ್ತ್ ಸಿಡ್ನಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ಉಸಿರು ಸಿಗದೆ ಕೂತುಬಿಟ್ಟರು. ನಾಲ್ಕು ದಿನ ಆಸ್ಪತ್ರೆ. ಅಲ್ಲಿದ್ದ ಡಾಕ್ಟರು ಮೈಸೂರಿನವರೇ, ಅಚ್ಚಗನ್ನಡದಲ್ಲಿ ಬೈದರು: "ಈ ಸಲ ನಡ್ಕೊಂಡು ಮನೆಗೆ ಹೋಗ್ತಿದ್ದೀರಿ. ಇನ್ನು ಸೇದಿದ್ರೆ ಆ ಭಾಗ್ಯ ಇರಲ್ಲ." ಪ್ಯಾಚ್ ಅಂಟಿಸಿದ್ದಾಯಿತು, ಗಮ್ ಅಗಿದಿದ್ದಾಯಿತು, ಎರಡೂ ಸೋತವು. ಕೊನೆಗೆ ಆ ಡಾಕ್ಟರೇ ವೇಪ್‌ಗೆ, ಅಂದರೆ ಹೊಗೆಯ ಬದಲು ನಿಕೋಟಿನ್ ಆವಿ ಎಳೆಯುವ ಬ್ಯಾಟರಿ ಯಂತ್ರಕ್ಕೆ, ಚೀಟಿ ಬರೆದುಕೊಟ್ಟರು. "ಇದೇನೂ ಅಮೃತ ಅಲ್ಲ. ಸಿಗರೇಟು ಬಿಡೋಕೆ ಒಂದು ಊರುಗೋಲು. ಆಮೇಲೆ ಇದನ್ನೂ ಬಿಡಿ." ಇದು ಬೀದಿಬೀದಿಗೂ ವೇಪ್ ಅಂಗಡಿಗಳಿದ್ದ ಕಾಲದ ಮಾತು. ಈಗ ಎಲ್ಲ ಫಾರ್ಮಸಿ ಮೂಲಕವೇ.

ಹಾಗಾಗಿ ನನ್ನ ಭಯ ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ಆ ಯಂತ್ರ ನಡೆಯುತ್ತಿದ್ದರೆ ಅದು ಸಿಡಿಯುತ್ತದೇನೋ ಅಂತ ಒಂದು ಭಯ. ಕೆಟ್ಟು ನಿಂತರೆ ಇವರು ಸಿಗರೇಟಿಗೆ ವಾಪಸು ಹೋಗುತ್ತಾರೇನೋ ಅಂತ ಹತ್ತು ಭಯ.

ಹೆಣ್ಣು ನೋಡುವ ಶಾಸ್ತ್ರ

ಸುಮ್ಮನೆ ಒಂದು ರೆಡಿಮೇಡ್ ವೇಪ್ ತಗೊಂಡಿದ್ದರೆ ಮುಗಿಯುತ್ತಿತ್ತು. ತಮ್ಮ ಬಿಡಲಿಲ್ಲ. "ಭಾವ, ರೆಡಿಮೇಡ್‌ನಲ್ಲಿ ಕಾಯಿಲ್, ಅಂದ್ರೆ ಆವಿ ಮಾಡೋ ತಂತಿಸುರುಳಿ, ಸುಟ್ಟುಹೋದಾಗಲೆಲ್ಲ ಅಂಗಡಿಗೆ ಓಡಬೇಕು. ನಾವೇ ಬಿಚ್ಚಿ ಕಟ್ಟಿಕೊಳ್ಳೋ ಟ್ಯಾಂಕ್ ಬರುತ್ತೆ. ತಂತಿ ಸುತ್ತೋದು, ಲಿಕ್ವಿಡ್ ಹೀರೋಕೆ ಹತ್ತಿ ಹಾಕೋದು, ಲಿಕ್ವಿಡ್ ತುಂಬೋದು. ಅಷ್ಟೇ." ಆ 'ಅಷ್ಟೇ' ಅನ್ನುವ ಪದಕ್ಕೆ ನಾನು ಅವನನ್ನು ಇನ್ನೂ ಕ್ಷಮಿಸಿಲ್ಲ.

ಮೆಲ್ಬರ್ನ್‌ಗೆ ಹೋದಾಗ ಅಂಗಡಿಗೆ ಕರೆದುಕೊಂಡು ಹೋದ. ಗಾಜಿನ ಕಪಾಟಿನ ತುಂಬ ಹೆಬ್ಬೆರಳಿನಷ್ಟು ಗಾತ್ರದ ಟ್ಯಾಂಕುಗಳು, ಒಡವೆ ಅಂಗಡಿಯ ಹಾಗೆ ಲೈಟು ಹಾಕಿ ಜೋಡಿಸಿದ್ದರು. ಗಡ್ಡದ ಅಂಗಡಿಯವನು ಕೇಳಿದ, "ಆವಿ ಬಾಯಲ್ಲಿ ನಿಂತು ಹೋಗಬೇಕಾ, ನೇರ ಎದೆಗಿಳಿಯಬೇಕಾ? ಒಂದು ಕಾಯಿಲಾ, ಎರಡಾ? ಗಾಳಿ ಮೇಲಿಂದಲಾ, ಕೆಳಗಿಂದಲಾ?"

"ಒಂದು ವಾರ ಟೈಮ್ ಕೊಡಿ" ಅಂದರು ಇವರು.

ಸಿಡ್ನಿಗೆ ವಾಪಸು ಬಂದು ಆ ವಾರ ಇಡೀ ಲ್ಯಾಪ್‌ಟಾಪಿನಲ್ಲಿ ದೊಡ್ಡ ಎಕ್ಸೆಲ್ ಶೀಟು. ಸೋರುತ್ತದೋ ಇಲ್ಲವೋ, ತಂತಿ ಬಿಗಿಯುವ ಜಾಗ ಅಗಲವೋ ಇಕ್ಕಟ್ಟೋ, ತೊಳೆಯಲು ಸುಲಭವೋ, ಪ್ರತಿಯೊಂದಕ್ಕೂ ಅಂಕ. ನನಗೆ ಮಾತ್ರ ಒಂದೊಂದು ದಿನವೂ ಯುಗ. ಬಾಲ್ಕನಿಯ ಬಾಗಿಲು ಸದ್ದಾದರೆ ಸಾಕು, ಹೋಗಿ ಮೂಗರಳಿಸಿ ನೋಡುತ್ತಿದ್ದೆ.

ಏಳನೇ ದಿನ ತಡೆಯಲಾರದೆ ಕೇಳಿದೆ. "ರೀ, ನನ್ನನ್ನ ನೋಡೋಕೆ ಬಂದಾಗ ಎಷ್ಟು ಹೊತ್ತು ಯೋಚಿಸಿದ್ರಿ?"

"ಯೋಚಿಸೋದೇನು? ನೀನು ಮಾಡಿದ ಕೇಸರಿಬಾತ್ ಚೆನ್ನಾಗಿತ್ತು, ಹೂಂ ಅಂದೆ."

ಅದನ್ನು ಮಾಡಿದ್ದು ನಮ್ಮ ಚಿಕ್ಕಮ್ಮ ಅಂತ ಇವತ್ತಿನವರೆಗೂ ನಾನು ಹೇಳಿಲ್ಲ.

ಸ್ಟ್ರಾಬೆರಿ ಒಗ್ಗರಣೆ

ಟ್ಯಾಂಕು ಪಾರ್ಸೆಲ್‌ನಲ್ಲಿ ಬಂತು. ವೆಸ್ಟ್‌ಮೀಡ್‌ನ ನಮ್ಮ ಬಾಡಿಗೆ ಫ್ಲಾಟಿನ ಊಟದ ಮೇಜಿನ ಮೇಲೆ ಭಾನುವಾರ ಬೆಳಿಗ್ಗೆ ಮೊದಲ ಕಟ್ಟಡ ಕಾರ್ಯ. ಕೂದಲೆಳೆಯಂಥ ತಂತಿಯನ್ನು ಪುಟ್ಟ ಸ್ಕ್ರೂಡ್ರೈವರಿಗೆ ಆರು ಸುತ್ತು ಸುತ್ತಿ, ಎರಡು ತುದಿಯನ್ನು ಟ್ಯಾಂಕಿನೊಳಗಿನ ಎರಡು ಪುಟ್ಟ ಕಂಬಗಳಿಗೆ ಬಿಗಿಯಬೇಕು. ತುದಿ ಎಲ್ಲಾದರೂ ಪಕ್ಕದ ಲೋಹಕ್ಕೆ ತಗುಲಿದರೆ ಶಾರ್ಟ್ ಸರ್ಕ್ಯೂಟ್. ಇದನ್ನು ಓದಿದ್ದು ಇವರು, ನಿದ್ದೆ ಕೆಟ್ಟಿದ್ದು ನಾನು.

ನಾನು ಅಡುಗೆಮನೆ ಬಾಗಿಲಲ್ಲಿ ಒದ್ದೆ ಟವೆಲ್ ಹಿಡಿದು ನಿಂತೆ.

"ಅಲ್ಲಿ ಯಾಕೆ ನಿಂತಿದ್ದೀಯೇ?"

"ಇನ್ಶೂರೆನ್ಸ್ ಪೇಪರ್ ಎಲ್ಲಿಟ್ಟಿದ್ದೀರಿ ಅಂತ ಹೇಳಿ, ಆಮೇಲೆ ಬಟನ್ ಒತ್ತಿ."

ಒತ್ತಿದರು. ಸಿಡಿಯಲಿಲ್ಲ. ತಂತಿ ಕೆಂಪಗೆ ಹೊಳೆಯಿತು. ಹತ್ತಿ ಹಾಕಿ, ಸ್ಟ್ರಾಬೆರಿ ವಾಸನೆಯ ಲಿಕ್ವಿಡ್ ತುಂಬಿ, ಎದೆತುಂಬ ಎಳೆದು ಬಿಟ್ಟರು ನೋಡಿ, ಎದುರಿಗಿದ್ದ ಫ್ರಿಜ್ಜೇ ಕಾಣದಾಯಿತು. ಇಬ್ಬರೂ ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದೆವು. ಚಪ್ಪಾಳೆ ಮುಗಿಯುವುದರೊಳಗೆ ತಲೆ ಮೇಲಿನ ಸ್ಮೋಕ್ ಅಲಾರಂ ಕಿರುಚತೊಡಗಿತು. ಅದು ಇಡೀ ಬಿಲ್ಡಿಂಗಿಗೆ ಜೋಡಿಸಿದ ಅಲಾರಂ. ಏಳು ಮಹಡಿಯ ಜನ ನೈಟಿ, ಟವೆಲ್ಲು, ಬೆಕ್ಕುಗಳ ಸಮೇತ ರಸ್ತೆಗಿಳಿದರು. ಹಿಂದೆಯೇ ಫೈರ್ ಇಂಜಿನ್.

ಮನೆಯೊಳಗೆ ಸಿಗರೇಟು, ವೇಪ್ ಏನೂ ಸೇದಬಾರದು ಅಂತ ರೆಂಟ್ ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿ ಬರೆದಿತ್ತು. ಏಜೆಂಟಿಗೆ ತಿಳಿದರೆ ಇವರು ಹೆದರಿ ಟ್ಯಾಂಕು ಬಿಸಾಡುತ್ತಾರೆ, ಬಿಸಾಡಿದರೆ ಮತ್ತೆ ಅದೇ ಸಿಗರೇಟು. ನಾನು ಮುಂದೆ ನುಗ್ಗಿದೆ.

ಹೆಲ್ಮೆಟ್ಟಿನ ಆಫೀಸರು ಒಳಗೆ ಬಂದು ಸುತ್ತ ನೋಡಿದ. "ಅಡುಗೆಯಾ?"

"ಹೌದು. ಸಾಂಬಾರಿಗೆ ಒಗ್ಗರಣೆ. ಸಾಸಿವೆ, ಒಣಮೆಣಸಿನಕಾಯಿ, ಇಂಗು. ತುಂಬಾ ಹೊಗೆ ಬರುತ್ತೆ."

ಅವನು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡ. ಒಲೆ ನೋಡಿದ. ಒಲೆಯ ಮೇಲೆ ಏನೂ ಇರಲಿಲ್ಲ. ನಾನು ಒದ್ದೆ ಟವೆಲ್ಲಿನಿಂದ ಆ ಖಾಲಿ ಒಲೆಯನ್ನೇ ಒರೆಸತೊಡಗಿದೆ.

"ಮೇಡಂ, ನಾನು ಈ ಸಬರ್ಬ್‌ನಲ್ಲಿ ಹನ್ನೊಂದು ವರ್ಷದಿಂದ ಸಾಂಬಾರಿನ ಅಲಾರಂಗೆ ಬರ್ತಿದ್ದೀನಿ. ಸ್ಟ್ರಾಬೆರಿ ಹಾಕಿದ್ದು ನೀವೇ ಮೊದಲು. ರೆಸಿಪಿ ಮಾತ್ರ ಯಾರಿಗೂ ಕೊಡಬೇಡಿ. ಮುಂದಿನ ಸಲ ಬಾಲ್ಕನಿಯಲ್ಲಿ ಒಗ್ಗರಣೆ ಹಾಕಿ."

ಒಂದು ಫೋನು

ನಾನು ಆಫೀಸಿನಲ್ಲಿದ್ದಾಗ ಇವರ ಫೋನು. "ಗಾಬರಿಯಾಗಬೇಡ" ಅಂತ ಶುರು ಮಾಡಿದರು. ಗಾಬರಿಪಡಿಸುವುದಕ್ಕೆ ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ವಾಕ್ಯವಿಲ್ಲ. "ಬೇಗ ಒಂದು ಶರ್ಟು ತಗೊಂಡು ಬಾ."

ನನ್ನ ಕಣ್ಣಿಗೆ ಆಗಲೇ ಆಸ್ಪತ್ರೆಯ ಹಾಸಿಗೆ. "ಯಾವ ವಾರ್ಡು?"

"ವಾರ್ಡಲ್ಲ ಕಣೇ, ಆಫೀಸು. ಟ್ಯಾಂಕಿಂದ ಹೊಸ ಮಾವಿನ ಲಿಕ್ವಿಡ್ ಎಲ್ಲ ಜೇಬಲ್ಲಿ ಸೋರಿದೆ. ಹತ್ತಿ ಕಡಿಮೆ ಹಾಕಿದ್ದೆ ಅನ್ಸುತ್ತೆ. ಕ್ಲೈಂಟ್ ಮೀಟಿಂಗ್ ಇದೆ, ನಾನು ಮಾವಿನಹಣ್ಣಿನ ಥರ ಘಮ್ ಅಂತಿದ್ದೀನಿ."

ಅಂಗಡಿಯಲ್ಲಿ ಒಂದು ಶರ್ಟು ಕೊಂಡು ಟ್ಯಾಕ್ಸಿಯಲ್ಲಿ ಹೋಗಿ ಮುಟ್ಟಿಸಿದೆ. ತಡವಾಗಿತ್ತು. ಕ್ಲೈಂಟು ಆಗಲೇ ಪಕ್ಕದಲ್ಲಿ ಕೂತು, ಇಲ್ಲಿ ಯಾರೋ ಸಿಹಿ ತಂದಿದ್ದಾರೆ, ಯಾವಾಗ ಹಂಚುತ್ತೀರಿ ಅಂತ ಎರಡು ಸಲ ಕೇಳಿಯಾಗಿತ್ತಂತೆ.

ಹೋಮದ ಮುಂದೆ

ತಮ್ಮನ ಹೊಸ ಮನೆಯ ಗೃಹಪ್ರವೇಶ. ಪುರೋಹಿತರು ಅನುಭವಸ್ಥರು. ಹೋಮಕ್ಕೆ ಮೊದಲು ಸ್ಟೂಲು ಹತ್ತಿ, ಸ್ಮೋಕ್ ಅಲಾರಂಗಳಿಗೆಲ್ಲ ತಾವೇ ಸ್ನಾನದ ಪ್ಲಾಸ್ಟಿಕ್ ಟೋಪಿ ತೊಡಿಸಿ, ಆಮೇಲೆ ಗಣಪತಿ ಪೂಜೆ ಶುರು ಮಾಡಿದರು. ಇವರು ಪಂಚೆ ಉಟ್ಟು, ತುಪ್ಪ ಎತ್ತಿಕೊಡಲು ಕುಂಡದ ಪಕ್ಕದಲ್ಲೇ ಕೂತರು.

ಅರ್ಧ ಹೋಮವಾಗಿತ್ತು. ಇವರ ಸೊಂಟದ ಹತ್ತಿರ ಪಂಚೆ ಉಬ್ಬಿದ್ದು ನನ್ನ ಕಣ್ಣಿಗೆ ಬಿತ್ತು. ಯಂತ್ರ! ಬ್ಯಾಟರಿ ಸಮೇತ ಸಿಕ್ಕಿಸಿಕೊಂಡು ಕೂತಿದ್ದಾರೆ, ಒಂದು ಮೊಳದಾಚೆ ಬೆಂಕಿ. ನಾನು ಕಣ್ಣಲ್ಲಿ ಸನ್ನೆ ಮಾಡಿದೆ. ಇವರು ಇನ್ನೊಂದು ಸೌಟು ತುಪ್ಪ ಕೊಟ್ಟರು. ಕೈಯಲ್ಲಿ ಸನ್ನೆ ಮಾಡಿದೆ. ಬೆಂಕಿಗೆ ಇನ್ನೂ ಹತ್ತಿರ ಸರಿದು ಕೂತರು.

ಮಂತ್ರ ನಿಂತಿತು. "ಏನಮ್ಮಾ, ಏನಾಗಬೇಕು?"

ನನಗೆ ಬುದ್ಧಿ ಎಲ್ಲಿತ್ತು! "ಸ್ವಾಮೀ, ಅವರ ಮೈಮೇಲೆ ಬ್ಯಾಟರಿ ಇದೆ!" ಅಂತ ಕಿರುಚಿಬಿಟ್ಟೆ.

ಇವರು ಆಸ್ಪತ್ರೆಗೆ ಸೇರಿದ್ದು ಎಲ್ಲರಿಗೂ ಗೊತ್ತಿತ್ತು. ಒಬ್ಬ ಆಂಟಿ ಎದೆ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಇಷ್ಟು ಚಿಕ್ಕ ವಯಸ್ಸಿಗೇ ಹೃದಯಕ್ಕೆ ಪೇಸ್‌ಮೇಕರ್ ಹಾಕಿಬಿಟ್ರಾ!" ನಾಲ್ಕು ಜನ ಅಂಕಲ್‌ಗಳು ಇವರನ್ನು ಎತ್ತಿಕೊಂಡು ಹೋಗಿ ಸೋಫಾದಲ್ಲಿ ಕೂರಿಸಿದರು. ನಿಜ ಹೇಳಲು ಇವರಿಗೂ ಧೈರ್ಯವಾಗಲಿಲ್ಲ, ನನಗೂ ಆಗಲಿಲ್ಲ.

ಇವತ್ತಿಗೂ ಮೆಲ್ಬರ್ನ್‌ನ ಯಾವ ಸಮಾರಂಭಕ್ಕೆ ಹೋದರೂ ಇವರ ಎಲೆಗೆ ಯಾರೂ ಉಪ್ಪಿನಕಾಯಿ ಬಡಿಸುವುದಿಲ್ಲ.

ಅತ್ತೆ ಬಂದರು

ಮೈಸೂರಿನಿಂದ ಅತ್ತೆ ಮೂರು ತಿಂಗಳಿಗೆ ಬಂದರು. ಅವರ ಲೆಕ್ಕದಲ್ಲಿ ಮಗ ಜೀವಮಾನದಲ್ಲೇ ಬೆಂಕಿಕಡ್ಡಿ ಗೀರಿದ್ದು ದೇವರ ದೀಪಕ್ಕೆ ಮಾತ್ರ. ಆಸ್ಪತ್ರೆಯ ವಿಷಯ ತಿಳಿಸಿದಾಗಲೂ 'ಧೂಳು' ಅಂದಿದ್ದೆವು. ಹಾಗಾಗಿ ಯಂತ್ರ ಬಾಲ್ಕನಿಗೆ ಹೋಯಿತು, ದಿನಕ್ಕೆ ಹತ್ತು ಸಲ 'ಆಫೀಸ್ ಕಾಲ್' ಬರತೊಡಗಿತು.

ಅತ್ತೆ ಲಕ್ಷಬತ್ತಿಯ ಸಂಕಲ್ಪ ಮಾಡಿಕೊಂಡು ಬಂದಿದ್ದರು. ಒಂದು ಸೂಟ್‌ಕೇಸ್ ಪೂರ್ತಿ ಹತ್ತಿ. ಊಟದ ಮೇಜಿನ ಒಂದು ತುದಿಯಲ್ಲಿ ಕೂತು ದಿನವಿಡೀ ಬತ್ತಿ ಹೊಸೆಯುತ್ತಿದ್ದರು.

ಆ ವಾರ ಇವರ ಟ್ಯಾಂಕು ಮುನಿಸಿಕೊಂಡಿತು. ಎಳೆದಾಗಲೆಲ್ಲ ಒಣ ಹತ್ತಿ ಸುಟ್ಟು ಗಂಟಲು ಉರಿ. ಬಿಚ್ಚುತ್ತಾರೆ, ಹತ್ತಿ ಬದಲಿಸುತ್ತಾರೆ, ಮತ್ತೆ ಉರಿ. ಮೂರು ದಿನ. ಮೂರನೇ ದಿನ ಶನಿವಾರ. ಬೆಳಿಗ್ಗೆಯಿಂದ ಮುಖ ಬಿಗಿದುಕೊಂಡಿದ್ದರು. ಬಾಲ್ಕನಿಯಿಂದ ಒಳಗೆ ಬಂದು, ಬಿಚ್ಚಿದ ಟ್ಯಾಂಕನ್ನು ಊಟದ ಮೇಜಿನ ಮೇಲೆ ಕುಕ್ಕಿದರು. ಅಮ್ಮ ನೋಡುತ್ತಾರೆ ಅನ್ನುವ ಪರಿವೆಯೂ ಇರಲಿಲ್ಲ.

"ಹಾಲು ತರ್ತೀನಿ" ಅಂದರು.

ಫ್ರಿಜ್ಜಿನಲ್ಲಿ ಎರಡು ಕ್ಯಾನು ಹಾಲಿತ್ತು. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಮೂಲೆಯಂಗಡಿಯಲ್ಲಿ ಹಾಲಿನ ಜೊತೆ ಬೇರೆ ಏನು ಸಿಗುತ್ತದೆ ಅನ್ನುವುದೂ ಇಬ್ಬರಿಗೂ ಗೊತ್ತು. ನನ್ನ ಕಣ್ಣನ್ನು ನೋಡಲಿಲ್ಲ. ಆ ಸ್ಟೇಷನ್ ಮೆಟ್ಟಿಲು ನನ್ನ ಕಣ್ಮುಂದೆ ಬಂತು. ಅತ್ತೆಯ ಎದುರಿಗೆ 'ಬೇಡ' ಅನ್ನುವ ಹಾಗೂ ಇಲ್ಲ. ಇವರು ಚಪ್ಪಲಿ ಹುಡುಕುವಷ್ಟರಲ್ಲಿ ಇವರ ಫೋನು ಎತ್ತಿ, ಆಫ್ ಮಾಡಿ, ಅಕ್ಕಿ ಡಬ್ಬಿಯೊಳಗೆ ಹೂತುಬಿಟ್ಟೆ. ಪರ್ಸು ಇಟ್ಟುಕೊಳ್ಳುವುದನ್ನು ಬಿಟ್ಟು ವರ್ಷಗಳಾಗಿದ್ದವು, ಫೋನಿಲ್ಲದೆ ಇವರಿಗೆ ಒಂದು ಬೆಂಕಿಪೊಟ್ಟಣವೂ ಸಿಗುವುದಿಲ್ಲ.

"ನನ್ನ ಫೋನ್ ಎಲ್ಲಿ?" ಬೆಡ್‌ರೂಮಿನಲ್ಲಿ ದಿಂಬುಗಳು ಹಾರುತ್ತಿದ್ದವು.

ಇತ್ತ ಅತ್ತೆ ಟ್ಯಾಂಕನ್ನು ಕೈಗೆತ್ತಿಕೊಂಡು ಕನ್ನಡಕ ಸರಿಮಾಡಿಕೊಳ್ಳುತ್ತಿದ್ದರು.

"ಇದೇನೇ ಇದು?"

"ಅದು... ಶೀತಕ್ಕೆ ಆವಿ ತಗೊಳ್ಳೋದು ಅತ್ತೆ."

"ಎಣ್ಣೆ ಹಾಕ್ತೀರಾ?"

"ಎಣ್ಣೆಯ ಥರದ್ದೇ ಒಂದು."

"ಬತ್ತಿ ಹಾಕಿರೋದು ಯಾರು?"

"ನಿಮ್ಮ ಮಗ."

"ಅದಕ್ಕೇ" ಅಂದರು. ಬಳೆಯಲ್ಲಿದ್ದ ಪಿನ್ನು ತೆಗೆದು ಸುಟ್ಟ ಹತ್ತಿಯನ್ನು ಎಳೆದು ಹಾಕಿದರು. "ಹೀಗೆ ತುರುಕಿದ್ರೆ ಎಣ್ಣೆ ಏರೋದು ಹೇಗೆ? ಗಾದಿಗೆ ತುಂಬಿದ ಹಾಗೆ ತುಂಬಿದ್ದಾನೆ. ಹತ್ತಿಗೂ ಉಸಿರಾಡೋಕೆ ಜಾಗ ಬೇಕು ಕಣೇ." ತಮ್ಮ ಹತ್ತಿಯಿಂದ ಒಂದು ಎಳೆ ಹಿಂಜಿ, ಬೀಜದ ಚೂರು ತೆಗೆದು, ತೊಡೆಯ ಮೇಲೆ ಒಮ್ಮೆ ಮೆಲ್ಲಗೆ ಹೊಸೆದು, ಆ ತಂತಿಯ ಸುರುಳಿಯೊಳಗೆ ತೂರಿಸಿದರು. ಎರಡು ತುದಿಯನ್ನೂ ಬೆರಳಲ್ಲಿ ತೆಳ್ಳಗೆ ಮಾಡಿ, ಮಗುವಿಗೆ ಹೊದಿಕೆ ಸರಿಸುವ ಹಾಗೆ ಒಳಗೆ ಮಲಗಿಸಿದರು. ಎರಡು ನಿಮಿಷ. ಇವರು ಎಂಟು ವೀಡಿಯೊ ನೋಡಿ ಕಲಿಯದ್ದು.

"ಹಾಕು ನಿನ್ನ ಎಣ್ಣೆ."

ಹಾಕಿದೆ. ಟ್ಯಾಂಕನ್ನು ಯಂತ್ರಕ್ಕೆ ಜೋಡಿಸಿ ಅತ್ತೆಗೆ ಕೊಟ್ಟೆ. ಅಷ್ಟರಲ್ಲಿ ಇವರು ಚಪ್ಪಲಿ ಮೆಟ್ಟಿಕೊಂಡೇ ಹೊರಗೆ ಬಂದರು. ಅಮ್ಮನ ಕೈಯಲ್ಲಿ ಯಂತ್ರ ನೋಡಿ ಮುಖ ಬಿಳಿಚಿಕೊಂಡಿತು.

"ತಗೋ, ಆವಿ ತಗೋ" ಅಂದರು ಅತ್ತೆ.

"ಅಮ್ಮಾ, ಅದು..."

"ತಗೋಳೋ."

ನಲವತ್ತೇಳು ವರ್ಷದ ಮನುಷ್ಯ, ತಾಯಿಯ ಎದುರು ನಿಂತು, ಕಷಾಯ ಕುಡಿಯುವ ಮಗುವಿನ ಹಾಗೆ ಕಣ್ಣು ಮುಚ್ಚಿ ಎಳೆದರು. ಕೆಮ್ಮಲಿಲ್ಲ. ಇನ್ನೊಮ್ಮೆ ಎಳೆದರು. ಬಿಗಿದಿದ್ದ ಭುಜ ಇಳಿಯಿತು. ನಿಧಾನವಾಗಿ ಕುರ್ಚಿಯಲ್ಲಿ ಕೂತು, ಚಪ್ಪಲಿ ಬಿಟ್ಟರು. ಆ ಎರಡು ಚಪ್ಪಲಿ ನೆಲಕ್ಕೆ ಬಿದ್ದ ಸದ್ದಿಗೆ ನನಗೆ ಅಳು ಬಂತು.

"ಹಾಲು ಬೇಡ್ವಾ ಈಗ?" ಅಂತ ಕೇಳಿದರು ಅತ್ತೆ.

"ಬೇಡಮ್ಮ."

ಅತ್ತೆ ಮತ್ತೆ ಬತ್ತಿ ಹೊಸೆಯಲು ಕೂತರು. ತಲೆ ಎತ್ತದೆಯೇ ಹೇಳಿದರು: "ನಿಮ್ಮಪ್ಪನೂ ಹೀಗೇ ದಿನಾ ಸಾಯಂಕಾಲ ಹಾಲು ತರೋಕೆ ಅಂತ ಹೋಗ್ತಿದ್ರು. ಹದಿನೆಂಟು ವರ್ಷ ಹೋದ್ರು."

ಒಂದು ಬತ್ತಿ ಮುಗಿಸಿ ತಟ್ಟೆಗಿಟ್ಟರು.

"ಕೊಟ್ಟಿಗೇಲಿ ಎರಡು ಹಸು ಇದ್ವು."

ಇದನ್ನು ಓದಿ ನಕ್ಕು ಸುಮ್ಮನಾಗಬೇಡಿ. ಫ್ರಿಜ್ಜಿನ ತುಂಬ ಹಾಲಿದ್ದೂ ಹಾಲು ತರಲು ಹೊರಡುವ ಗಂಡಸು ನಿಮಗೆ ಗೊತ್ತಿರುವ ಯಾವ ಮನೆಯಲ್ಲಿದ್ದರೂ, ಆ ಮನೆಯ ಹೆಂಗಸಿಗೆ ಇವತ್ತೇ ಫೋನು ಮಾಡಿ ಈ ಕಥೆ ಹೇಳಿ. ಮೊದಲು ಮಾತ್ರ "ಗಾಬರಿಯಾಗಬೇಡಿ" ಅನ್ನಬೇಡಿ.