ಮೇಸ್ತ್ರಿಯವರ ಸಿಗಾರು ಪರೀಕ್ಷೆ

ಸಿಗಾರು ಸುತ್ತುವ ಕಡೆ ಕೆಲಸ ಮಾಡಿದವನಿಗೆ ನಗುವಿಗೆ ಬರವಿಲ್ಲ. ಐವತ್ತರ ದಶಕದ ಕೊನೆಯಲ್ಲಿ ಯಶವಂತಪುರದ ನಮ್ಮ ಪುಟ್ಟ ಕಾರ್ಖಾನೆಯಲ್ಲಿ ದಿನಕ್ಕೊಂದು ಪ್ರಸಂಗ ತಾನಾಗಿ ನಡೆಯುತ್ತಿತ್ತು. ನಾನು ಮರೆಯದವು ನಮ್ಮ ಮೇಸ್ತ್ರಿಯವರವು.

೧. ಬೂದಿ

ನಮ್ಮ ಸಾಹುಕಾರರಿಗೆ ಒಂದೇ ಆಸೆ: ದೊರೆಗಳು ಸೇದುವಂಥ ಸಿಗಾರು ಗುಮಾಸ್ತನ ಜೇಬಿಗೂ ಎಟುಕಬೇಕು. ಹೊಸ ಎಲೆ ಬಂದಾಗಲೆಲ್ಲ ಒಂದು ಸಿಗಾರು ಸುತ್ತಿಸಿ ಮೇಸ್ತ್ರಿಯವರ ಕೈಗೆ ಕೊಡುವರು. ಮೇಸ್ತ್ರಿ ಅದನ್ನು ಒತ್ತಿ ನೋಡಿ, ಮೂಸಿ, ಆಮೇಲೆ ಹಚ್ಚುವರು. ಬೂದಿ ಎರಡು ಬೆರಳಗಲ ಬೆಳೆಯುವವರೆಗೂ ಉದುರಬಾರದು. ಅಲ್ಲಿಯವರೆಗೆ ನಾವು ಯಾರೂ ಮಿಸುಕುವಂತಿಲ್ಲ. ಒಮ್ಮೆ ಬೂದಿ ಇನ್ನೇನು ಅಷ್ಟುದ್ದ ಬಂತು ಅನ್ನುವಾಗ ಸಾಹುಕಾರರೇ ಸೀನಿಬಿಟ್ಟರು. ಬೂದಿಯೆಲ್ಲ ಮೇಸ್ತ್ರಿಯವರ ಪಂಚೆಯ ಮೇಲೆ.

"ಎಲೆ ಪಾಸು ಸ್ವಾಮಿ. ತಾವು ಫೇಲು," ಎಂದರು ಮೇಸ್ತ್ರಿ.

೨. ಗೋಡೆಯಾಚೆ

ಒಮ್ಮೆ ವಿಷಮಶೀತ ಜ್ವರ ಬಂದು ಹೋದ ಮೇಲೆ ಮೇಸ್ತ್ರಿಯವರಿಗೆ ರುಚಿ, ವಾಸನೆ ಎರಡೂ ಹೋದವು. "ಬೆಲ್ಲಾನೂ ಒಂದೇ, ಬೇವೂ ಒಂದೇ ಕಣಯ್ಯ. ಸಾಹುಕಾರ್ರಿಗೆ ಗೊತ್ತಾದ್ರೆ ಈ ವಯಸ್ಸಲ್ಲಿ ನನ್ನ ಯಾರು ಇಟ್ಕೋತಾರೆ?" ಎಂದು ನನ್ನೊಬ್ಬನಿಗೆ ಹೇಳಿದರು.

ಆದರೆ ಅವರ ತೀರ್ಪು ಒಂದೂ ತಪ್ಪಲಿಲ್ಲ. ಈಗೀಗ ಸಿಗಾರನ್ನು ಮನೆಗೆ ಒಯ್ದು, ಮರುದಿನ ಹೇಳುತ್ತಿದ್ದರು, ಅಷ್ಟೆ. ವಠಾರದಲ್ಲಿ ನಮ್ಮದು ಪಕ್ಕದ ಮನೆ. ಒಂದು ಸಂಜೆ ಗೋಡೆಯಾಚೆಯಿಂದ ಅವರ ಹೆಂಡತಿಯ ದನಿ ಕೇಳಿಸಿತು: "ಏನ್ರೀ ಇದು, ಒದ್ದೆ ಗೋಣಿಚೀಲ ಸುಟ್ಟಂಗೆ!"

ಮರುದಿನ ಮೇಸ್ತ್ರಿ ಗಂಭೀರವಾಗಿ, "ಎಲೆ ಇನ್ನೂ ಒಣಗ್ಬೇಕು ಸ್ವಾಮಿ," ಎಂದರು. ಆಕೆ ಬೈಯದೆ ಸುಮ್ಮನಿದ್ದ ದಿನ ಎಲೆ ಪಾಸು.

"ಎಂಥ ನಾಲಗೆ ರೀ ನಮ್ಮ ಮೇಸ್ತ್ರೀದು!" ಎಂದು ಸಾಹುಕಾರರು ತಲೆದೂಗಿದರು. ಆ ನಾಲಗೆ ಯಾರದೆಂದು ನಾನು ಹೇಳಲಿಲ್ಲ.

೩. ಮನೆಗೇ ಬಂದ ಸಾಹುಕಾರರು

ಒಂದು ಸಂಜೆ ಸಾಹುಕಾರರು ಸಿಗಾರು ಹಿಡಿದು ಮೇಸ್ತ್ರಿಯವರ ಮನೆಗೇ ಬಂದರು. ಎಲೆ ವ್ಯಾಪಾರಿ ಸ್ಟೇಷನ್ನಿನಲ್ಲಿ ಕಾಯುತ್ತಿದ್ದ. ರೈಲು ಬರುವುದರೊಳಗೆ ಉತ್ತರ ಬೇಕು. ನನ್ನನ್ನೂ ಕರೆದರು.

ಮೇಸ್ತ್ರಿ ಹಚ್ಚಿದರು. ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು. ಮನೆಗೆ ಬಂದವರ ಎದುರು ಗಂಡನನ್ನು ಬೈಯುವ ಹೆಂಗಸಲ್ಲ ಆಕೆ. ಮೇಸ್ತ್ರಿ ಅಡಿಗೆಮನೆ ಕಡೆ ನೋಡಿದರು, ಬೆವರು ಒರೆಸಿಕೊಂಡರು, ಮತ್ತೆ ನೋಡಿದರು. ಒಳಗೆ ಸದ್ದಿಲ್ಲ.

"ಪಾಸು ಸ್ವಾಮಿ."

ಸಾಹುಕಾರರು ಏಳುವಷ್ಟರಲ್ಲಿ ಆಕೆ ಬಾಗಿಲಿಗೆ ಬಂದರು. "ಬೇಡ ಸ್ವಾಮಿ. ಆ ಎಲೆಗೆ ಬೂಷ್ಟು ಹಿಡಿದಿದೆ. ನೀವು ಕೊಂಡ್ಕೊಂಡ್ರೆ ನಾಳೆ ಇವ್ರ ಹೆಸರು ಕೆಡತ್ತೆ. ಜ್ವರ ಬಂದಾಗಿಂದ ಇವ್ರಿಗೆ ರುಚಿ, ವಾಸನೆ ಏನೂ ಗೊತ್ತಾಗಲ್ಲ."

ಮೇಸ್ತ್ರಿಯವರ ಮುಖ ಬಿಳಿಚಿತು. "ನಿಂಗೆ ಹೇಗೆ ಗೊತ್ತು?"

"ಒಂದಿನ ಸಾರಿಗೆ ಉಪ್ಪು ಹಾಕೋದು ಮರೆತಿದ್ದೆ. ನೀವು ಚೆನ್ನಾಗಿದೆ ಅಂತ ಎರಡು ಸಲ ಬಡಿಸ್ಕೊಂಡ್ರಿ. ಅವತ್ತಿಂದ ಕೆಲಸ ಹೋಗದೆ ಇರ್ಲಿ ಅಂತ, ವಾಸನೆ ಹೇಗಿದೆ ಅಂತ ಬಿಡಿಸಿ ಬಿಡಿಸಿ ಬೈತಿದ್ದೀನಿ."

ಸಾಹುಕಾರರು ಆ ಸಿಗಾರನ್ನು ಇಸಿದುಕೊಂಡು ಆರಿಸಿದರು. "ನಾಳೇನೂ ಕೆಲಸಕ್ಕೆ ಬನ್ನಿ ಮೇಸ್ತ್ರಿ. ಸಂಜೆ ಮಾತ್ರ ತಪ್ಪದೆ ಬೈಸ್ಕೊಳ್ಳಿ," ಎಂದು ಹೇಳಿ ಸ್ಟೇಷನ್ನಿಗೆ ಹೊರಟರು.

ಮೇಸ್ತ್ರಿಯವರ ಕಣ್ಣು ತುಂಬಿತ್ತು, ನನ್ನದೂ ಅಷ್ಟೆ. ಅವರು ಹೆಂಡತಿಯ ಕಡೆ ತಿರುಗಿ, "ಹಾಗಾದ್ರೆ ಜ್ವರಕ್ಕೆ ಮುಂಚೆ ಮೂವತ್ತು ವರ್ಷ ಬೈದಿದ್ದೂ ನನ್ನ ಒಳ್ಳೇದಕ್ಕೇನಾ?" ಎಂದರು.

"ಇಲ್ಲ. ಅದು ನಿಜವಾಗ್ಲೂ ಬೈದಿದ್ದು."