ಮಾವನ ಭಜನೆ, ಭಾವನ ಬೀಟು

ಹಾಡಿಗೆ ಒಗ್ಗರಣೆ ಹಾಕದೆ ಕೇಳಲಾರದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನಿದ್ದರೆ ಅವನು ನನ್ನ ಅಕ್ಕನ ಗಂಡ! ಲಾಲಿ ಹಾಡಿರಲಿ, ಆರತಿ ಹಾಡಿರಲಿ, ಅದರ ಕೆಳಗೆ ‘ಡುಂ ಟಕ ಡುಂ’ ಎಂದು ಹಿಪ್‌ಹಾಪ್ ಬೀಟು ಕೂರಿಸಿ, ನಡುವೆ ಒಂದು ‘ಯೋ’ ತುರುಕಿದರೇ ಅವನಿಗೆ ಸಮಾಧಾನ. ರ‍್ಯಾಪ್ ಎಂದೊಡನೆ ನಿಮ್ಮ ಕಣ್ಣೆದುರು ಹಚ್ಚೆ ಹಾಕಿಸಿಕೊಂಡ, ಜೋತುಬಿದ್ದ ಪ್ಯಾಂಟಿನ ಹುಡುಗ ಬಂದನೇನೋ. ನಮ್ಮ ಭಾವನದು ಬೊಕ್ಕತಲೆ, ಮಡಚಿ ಕಟ್ಟಿದ ಲುಂಗಿ, ಮೈತುಂಬ ಬಂಗಡೆಯ ವಾಸನೆ! ಮನೆ ಧಾರೇಶ್ವರದಲ್ಲಿ, ಕಸುಬು, ಟೆಂಪೋದಲ್ಲಿ ಊರೂರು ಸುತ್ತಿ ಮೀನು ಮಾರುವುದು.

ಈ ವಿದ್ಯೆ ಕಲಿಸಿದವನು ಭಟ್ಕಳದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಗೆಳೆಯ. ಮೀನು ತರಲು ಹೋದಾಗಲೆಲ್ಲ ಭಾವ ಅಲ್ಲಿ ಕೂತು, ಫೋನಿನಲ್ಲೇ ಹಾಡು ಕತ್ತರಿಸುವುದು, ಅಂಟಿಸುವುದು ಎಲ್ಲ ಕಲಿತ. ಕೊಂಕಣಿ ಮದುವೆ ಹಾಡಿನ ಬಾಲಕ್ಕೆ ಉರ್ದು ಕವ್ವಾಲಿ, ಕವ್ವಾಲಿಯ ಬಾಲಕ್ಕೆ ತನ್ನದೇ ಕನ್ನಡ ರ‍್ಯಾಪು ಜೋಡಿಸಿ ಮಿಕ್ಸ್‌ಟೇಪ್ ಎಂದು ಹೆಸರಿಟ್ಟ.

“ಭಾವ, ಮಿಕ್ಸ್‌ಟೇಪ್ ಅಂದ್ರೆ ಎಂತದು?” ಎಂದೆ.

“ಸಂಜೆಗೆ ಉಳ್ದ ಮೀನೆಲ್ಲ ಒಂದೇ ರಾಶಿ ಹಾಕಿ ಕೊಡೂದಿಲ್ವಾ, ಅದೇ ಮಾರಾಯ. ಒಂದೊಂದೇ ಆದ್ರೆ ಯಾರಿಗೂ ಬೇಡ, ಒಟ್ಟು ಮಾಡಿದ್ರೆ ರುಚಿ!”

ಅಲ್ಲಿಗೇ ನಿಂತನೇ? ಟೆಂಪೋದ ‘ಪೋಂ ಪೋಂ’ ನಿಲ್ಲಿಸಿ, ಕೇರಿ ಕೇರಿಯಲ್ಲಿ ತನ್ನ ಬೀಟನ್ನೇ ಹಾಕತೊಡಗಿದ. ಆ ಬೀಟು ಕೇಳಿದರೆ ಮೀನು ಬಂತೆಂದು ಬೆಕ್ಕುಗಳು ಬೇಗ ಕಲಿತವು, ಹೆಂಗಸರು ನಿಧಾನವಾಗಿ. ಒಮ್ಮೆ ಇಡಗುಂಜಿ ಗಣಪತಿಯ ದರ್ಶನಕ್ಕೆ ಹೊರಟ ಯಾರದೋ ಕಾರು ಅಂಥದೇ ಹಾಡು ಹಾಕಿಕೊಂಡು ತಿರುವಿನಲ್ಲಿ ನಿಂತಿತು. ಕೇರಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ಓಡಿಹೋಗಿ ಕಿಟಕಿಯಲ್ಲಿ ಬಗ್ಗಿದರು. “ಇವತ್ತು ಬಂಗಡೆ ಹೆಂಗೆ?” ಒಳಗೆ ರೇಷ್ಮೆ ಸೀರೆ, ಮಡಿಲಲ್ಲಿ ಹಣ್ಣುಕಾಯಿ! ಆ ಕಾರು ಓಡಿದ ಓಟವನ್ನು ನೋಡಬೇಕಿತ್ತು.

ಮುಂದೆ ‘ಟ್ರಿಬ್ಯೂಟ್’ ಎಂದು ಕಂಡವರನ್ನೆಲ್ಲ ಹೊಗಳಿ ಹಾಡು ಕಟ್ಟುವ ಹೊಸ ಹುಚ್ಚು ಹಿಡಿಯಿತು. ಊರಿನ ಪೋಸ್ಟ್‌ಮ್ಯಾನ್ ನಿವೃತ್ತನಾದಾಗ ಸೈಕಲ್ ಬೆಲ್ಲಿನ ತಾಳಕ್ಕೆ ಅವನ ಮೇಲೊಂದು ರ‍್ಯಾಪು ಕಟ್ಟಿದ. “ನಾ ಇನ್ನೂ ಸತ್ತಿಲ್ವಲ್ಲ ಮಾರಾಯ!” ಎಂದು ಆ ಬಡಪಾಯಿ ಬೆವರಿದ.

ಹೀಗೆ ಒಂದು ದಿನ ಸರದಿ ಅವನ ಅಪ್ಪನಿಗೂ ಬಂತು. ಅಕ್ಕನ ಮಾವ, ನನಗೂ ಮಾವನೇ. ಪ್ರತಿ ಸೋಮವಾರ ದೇವಸ್ಥಾನದಲ್ಲಿ ಹಾರ್ಮೋನಿಯಂ ಮುಂದೆ ಕಣ್ಣುಮುಚ್ಚಿ ಕೂತು ಭಜನೆ ಹಾಡುವವರು. ಅವರು ಮನೆಯಲ್ಲಿ ಹಾಡಿಕೊಳ್ಳುವಾಗ ಭಾವ ಬಾಗಿಲ ಮರೆಯಲ್ಲಿ ನಿಂತು ರೆಕಾರ್ಡ್ ಮಾಡಿದ. ಬೀಟು ಬಡಿದ. ತನ್ನ ದನಿಯಲ್ಲಿ ಅಪ್ಪನನ್ನು ಹೊಗಳಿ ನಾಲ್ಕು ಸಾಲೂ ಸೇರಿಸಿದ.

“ಅಪ್ಪಂಗೆ ಎಷ್ಟು ಖುಷಿ ಆಗ್ತದೆ ನೋಡ್ತಿರು!” ಎಂದು ನನ್ನ ಬೆನ್ನು ತಟ್ಟಿದ.

ಚೌತಿಯ ಪೆಂಡಾಲಿನಲ್ಲಿ ಅದನ್ನು ದೊಡ್ಡ ಸ್ಪೀಕರಿನಲ್ಲಿ ಹಾಕಿದ. ಹುಡುಗರು ಶಿಳ್ಳೆ ಹೊಡೆದು ಕುಣಿದರು. ಮಾವ ಎದ್ದು ಶಾಲು ಹೆಗಲಿಗೆ ಹಾಕಿಕೊಂಡರು.

“ನಾ ದೇವ್ರ ಮುಂದೆ ಕೂತು ಹಾಡಿದ್ದು. ನೀ ನನ್ನ ಬೀದೀಲಿ ಕುಣ್ಸಿದೆ” ಎಂದಷ್ಟೇ ಹೇಳಿ ಮನೆಗೆ ನಡೆದರು.

ಆಮೇಲೆ ಟೆಂಪೋ ಸದ್ದು ಅಂಗಳದಲ್ಲಿ ಕೇಳಿದರೆ ಸಾಕು, ಮಾವ ಅರ್ಧ ಹಾಡಿದ ಪದ ಅಲ್ಲೇ ನಿಲ್ಲುತ್ತಿತ್ತು. ಅಪ್ಪ ಮಗನ ಮಾತು “ಊಟ ಆತಾ?”, “ಆತು” ಎಂಬಷ್ಟಕ್ಕೆ ಇಳಿಯಿತು. “ತಪ್ಪಾತು ಅಂತ ಹೇಳ್ಬೇಕು. ಮುಂದಿನ ಚೌತಿ ದಿನ ಕಾಲಿಗೆ ಬಿದ್ದೇ ಹೇಳ್ತೆ” ಎನ್ನುತ್ತಿದ್ದ ಭಾವ. ಕಾಲಿಗೆ ಬೀಳಲಿಕ್ಕೂ ಹಬ್ಬ ಬೇಕೇ? ಆ ಚೌತಿ ಬರುವ ಮೊದಲೇ, ಬೆಳಿಗ್ಗೆ ಚಹಾ ಕುಡಿಯುತ್ತ ಕೂತ ಮಾವ ಕೂತಲ್ಲೇ ವಾಲಿ ಹೋಗಿಬಿಟ್ಟರು.

ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ, ಅಂದರೆ ಭಾವನ ತಾಯಿ, ಕೇಳಿದರು: “ಅವ್ರ ದನಿ ನಿನ್ನ ಫೋನಲ್ಲಿ ಇದ್ಯಲ್ಲ, ಒಂದ್ಸಲ ಹಾಕು.”

ಭಾವ ಫೋನನ್ನು ಲುಂಗಿಯ ಮಡಿಕೆಗೆ ಸಿಕ್ಕಿಸಿಕೊಂಡ. ಹೊಸ ಬೀಟುಗಳಿಗೆ ಜಾಗ ಸಾಲದೆಂದು ಮೂಲ ಹಾಡನ್ನು ಎಂದೋ ಅಳಿಸಿಬಿಟ್ಟಿದ್ದ. ಉಳಿದಿದ್ದುದು ಆ ರೀಮಿಕ್ಸ್ ಒಂದೇ. ಮಾವ ಹಾಡಿದ್ದನ್ನು ಬೇರೆ ಯಾರೂ ರೆಕಾರ್ಡ್ ಮಾಡಿರಲಿಲ್ಲ.

ಮರುದಿನವೇ ಭಟ್ಕಳಕ್ಕೆ ಓಡಿದ. ಜೊತೆಗೆ ನಾನೂ ಹೋದೆ. “ಬೀಟು ತೆಗ್ದು ಅಪ್ಪನ ದನಿ ಮಾತ್ರ ಕೊಡು” ಎಂದು ಗೆಳೆಯನ ಮುಂದೆ ಕೈಮುಗಿದ.

“ಭಾಯ್, ಸಾರಿಗೆ ಬಿದ್ದ ಉಪ್ಪು ವಾಪಸ್ ಬರ್ತದಾ?” ಎಂದರೂ ಆ ಪುಣ್ಯಾತ್ಮ ಮಧ್ಯಾಹ್ನದ ಊಟ ಬಿಟ್ಟು, ಹೊಸ ಹೊಸ ಆ್ಯಪಿಗೆ ಹಾಕಿ ಸೋಸಿದ. ಬೀಟಿನೊಂದಿಗೆ ಮಾವನ ಅರ್ಧ ದನಿಯೂ ಹೋಯಿತು. ಉಳಿದದ್ದು ನೀರಿನೊಳಗಿಂದ ಯಾರೋ ಕರೆದಂತಿತ್ತು. ವಾಪಸ್ ಬರುವಾಗ ಟೆಂಪೋದಲ್ಲಿ ಯಾವ ಹಾಡೂ ಇರಲಿಲ್ಲ. ಹೊನ್ನಾವರದ ಸೇತುವೆಯ ಮೇಲೆ ಭಾವ ಲುಂಗಿಯ ಚುಂಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದಂತೆ ಕೂತಿದ್ದೆ.

ಆ ಸೋಸಿದ ದನಿಯನ್ನು ಹಾಕಿದಾಗ ಅತ್ತೆ ಮುಖ ಸಿಂಡರಿಸಿದರು.

“ಇದು ಅವ್ರಲ್ಲ. ನೆಗಡಿ ಆದವ್ರು ಯಾರೋ. ಆ ಡಬಡಬ ಇರೂದನ್ನೇ ಹಾಕು.”

“ಬೇಡ ಅಬ್ಬೆ. ಅದ್ರಿಂದ್ಲೇ ಅಪ್ಪ ನನ್ನ ಹತ್ರ ಮಾತು ಬಿಟ್ರು.”

“ಹಾಕು ಅಂದೆ.”

ಹಾಕಿದ. ಡುಂ ಟಕ ಡುಂ. ಮೇಲೆ ಮಾವನ ದನಿ, ಮಧ್ಯೆ ಭಾವನ ‘ಯೋ’. ಅತ್ತೆ ಫೋನನ್ನು ಕಿವಿಗೆ ಒತ್ತಿಕೊಂಡು ಬಹಳ ಹೊತ್ತು ಕೇಳಿದರು.

“ಅವ್ರು ಹಾಡ್ತ್ರು, ನೀ ಮಧ್ಯೆ ಕೂಗ್ತೆ” ಎಂದರು. “ಮನೇಲಿ ಇಬ್ರೂ ಹಿಂಗೆ ಒಟ್ಟಿಗೆ ಇದ್ದದ್ದು ನಾ ಒಂದಿನಾನೂ ನೋಡ್ಲಿಲ್ಲ. ಇದ್ನ ಅಳ್ಸಬೇಡ, ಮಗಾ.”

ಭಾವ ನೆಲದ ಮೇಲೆ ಅವರ ಪಕ್ಕ ಕೂತ. ಅತ್ತೆ ಒಂದು ಕೈಯಲ್ಲಿ ಫೋನು ಹಿಡಿದು, ಇನ್ನೊಂದನ್ನು ಅವನ ಬೊಕ್ಕತಲೆಯ ಮೇಲಿಟ್ಟುಕೊಂಡು ಹಾಡು ಮುಗಿಯುವವರೆಗೆ ಕೇಳಿದರು.